ಮುಳ್ಳುಮೊಗ್ಗಿನ ಮಧ್ಯಾಹ್ನಗಳು

ನಾನು ಮದುವೆಯಾಗಿ ಆ ಊರಿಗೆ ಕಾಲಿಟ್ಟದ್ದು ಮಾಘಮಾಸದ ಚಳಿಯಲ್ಲಿ. ಬಸ್ಸಿನಿಂದ ಇಳಿದಾಗ ನಡುಮಧ್ಯಾಹ್ನ. ಬಿಸಿಲಿತ್ತು, ಆದರೆ ಬಿಸಿಲಿನ ಒಳಗೇ ತೆಳುವಾದ ಮಂಜು ಸುಳಿದಾಡುತ್ತಿತ್ತು. ಅಂಗಡಿಗಳ ಬಾಗಿಲು ಅರ್ಧ ಎಳೆದಿತ್ತು. ನಿಲ್ದಾಣದ ಎದುರಿನ ಕ್ಷೌರದಂಗಡಿಯಲ್ಲಿ ಕುರ್ಚಿಯ ಮೇಲೆ ಗಿರಾಕಿ, ಬೆಂಚಿನ ಮೇಲೆ ಕ್ಷೌರಿಕ, ಇಬ್ಬರೂ ಗಾಢ ನಿದ್ದೆಯಲ್ಲಿದ್ದರು. ನಾನು ನೋಡುತ್ತಿದ್ದ ಹಾಗೇ ಇಬ್ಬರೂ ಕಣ್ಣು ಮುಚ್ಚಿಕೊಂಡೇ ಒಟ್ಟಿಗೆ ನಕ್ಕರು. ನನಗೆ ಮೈ ಜುಮ್ಮೆಂದಿತು.

“ಒಂದೇ ಮೊಗ್ಗು ತಿಂದಿದಾರೆ,” ಅಂದರು ಇವರು, ಟ್ರಂಕನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾ. “ಗಾಬರಿಯಾಗಬೇಡ. ಫಾಲ್ಗುಣ ಮುಗಿಯೋವರೆಗೂ ಊರು ಹಿಂಗೇ.”

ಇವರು ಅಂದರೆ ನನ್ನ ಗಂಡ ಉಮಾಪತಿ. ಹಾಸಿಗೆ ಹೊಲಿಯುವುದು ಇವರ ಕಸುಬು. ಮೊದಲ ಹೆಂಡತಿ ಅನಸೂಯ ಜ್ವರದಲ್ಲಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವರಿಗೊಬ್ಬಳು ಮಗಳು, ತಾರಿಣಿ. ನಾನು ಹೊನ್ನಮ್ಮ, ದೂರದ ಬಯಲುಸೀಮೆಯ ಹುಡುಗಿ. ಹುಡುಗಿ ಅನ್ನುವ ವಯಸ್ಸು ಆಗಲೇ ದಾಟಿತ್ತು. ಅಪ್ಪನ ಜೊತೆ ಬಾಳೆ, ಬದನೆ, ಸೊಪ್ಪು ಬೆಳೆಯುತ್ತಾ ಬೆಳೆಯುತ್ತಾ ಮದುವೆಯ ಮಾತು ಹಿಂದೆ ಬಿದ್ದಿತ್ತು. ಎರಡನೇ ಸಂಬಂಧ ಅಂದಾಗ ಅಪ್ಪ ತಲೆ ತಗ್ಗಿಸಿದರು; ನಾನೇ ಆಗಲಿ ಅಂದೆ. ಹೆಣ್ಣು ನೋಡಲು ಬಂದ ಮನುಷ್ಯ, ತೋಟದಲ್ಲಿ ಕೂತು ಉಗುರಿಗೆ ಅಂಟಿದ್ದ ಹತ್ತಿಯ ಎಳೆಯನ್ನು ಬಿಡಿಸಿಕೊಳ್ಳುತ್ತಾ, “ನಮ್ಮ ಹುಡುಗಿ ಸ್ವಲ್ಪ ಮಾತು ಕಡಿಮೆ, ಅದೊಂದು ನೀವು ಸಹಿಸ್ಕೋಬೇಕು,” ಅಂದದ್ದು ನನಗೆ ಹಿಡಿಸಿತ್ತು.

ಮನೆ ಚಿಕ್ಕದು. ನಡುಮನೆ, ಅಡುಗೆಮನೆ, ಹತ್ತಿ ತುಂಬಿದ ಒಂದು ಕೋಣೆ, ಹಿಂದೆ ಕಲ್ಲುಗೋಡೆಯ ಹಿತ್ತಲು. ಇವರು ಹತ್ತಿ ಹಿಂಜುವಾಗ ಎದ್ದ ನವಿರು ಇಡೀ ಮನೆಯಲ್ಲಿ ತೇಲಿಕೊಂಡಿರುತ್ತಿತ್ತು. ಬೆಳಕಿನ ಕೋಲಿನೊಳಗೆ ಮೇಲೆ ಹೋಗುವುದೋ ಕೆಳಗೆ ಬರುವುದೋ ಅಂತ ಯೋಚಿಸುತ್ತಾ ನಿಂತ ಹಾಗೆ. ಹಿತ್ತಲಿನಲ್ಲಿ ಆ ಗಿಡವಿತ್ತು. ಬೂದಿಬಣ್ಣದ, ಸೀಳುಸೀಳಾದ ದೊಡ್ಡ ಎಲೆಗಳು ಕಾರಂಜಿಯ ಹಾಗೆ ಮೇಲೆದ್ದು ಸುತ್ತ ಬಾಗಿದ್ದವು. ನಡುವೆ ದಪ್ಪ ದಂಟು. ದಂಟಿನ ತುದಿಯಲ್ಲಿ ಮುಷ್ಟಿ ಗಾತ್ರದ ಹಸಿರು ಮೊಗ್ಗು, ಒಂದರ ಮೇಲೊಂದು ಬಿಗಿಯಾಗಿ ಹೊದ್ದ ಎಸಳು, ಪ್ರತಿ ಎಸಳಿನ ತುದಿಗೆ ಒಂದು ಮುಳ್ಳು. ಹೊರಗಿನವರು ಅದಕ್ಕೆ ಆರ್ಟಿಚೋಕ್ ಅನ್ನುತ್ತಾರಂತೆ. ಆ ಊರಿನಲ್ಲಿ ಮುಳ್ಳುಮೊಗ್ಗು ಅಂದರೆ ಸಾಕು.

ಊರಿನ ರೀತಿ ಇಷ್ಟೆ: ಒಂದೇ ಮುಳ್ಳುಮೊಗ್ಗನ್ನು ಎಸಳೆಸಳಾಗಿ ಕಿತ್ತು ಹಂಚಿಕೊಂಡು ತಿಂದವರಿಗೆ ಆ ಮಧ್ಯಾಹ್ನ ಒಂದೇ ಕನಸು. ಒಬ್ಬರೇ ತಿಂದರೆ ಬರೀ ನಿದ್ದೆ. ಯಾಕೆ ಹಾಗೆ ಅಂತ ಕೇಳುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೆ ತಕ್ಕ ಹಾಗೆ ಬದುಕುವುದನ್ನು ಮಾತ್ರ ಎಲ್ಲರೂ ಕಲಿತಿದ್ದರು. ಹಿಟ್ಟಿನ ಗಿರಣಿಯ ಪಾಲುದಾರರು ವರ್ಷಕ್ಕೊಂದು ಮೊಗ್ಗು ಜೊತೆಗೆ ತಿನ್ನುತ್ತಿದ್ದರು, ಒಬ್ಬರ ಮೇಲೊಬ್ಬರಿಗೆ ಅನುಮಾನ ಉಳಿಯದಿರಲಿ ಅಂತ. ಹೆಣ್ಣು ಗಂಡು ಒಪ್ಪಿದ ಮೇಲೆ ಬೀಗರು ಬೀಗರಿಗೆ ಮೊಗ್ಗು ಮುರಿಯುವ ಶಾಸ್ತ್ರ. ಕೆಲವು ಸಂಬಂಧಗಳು ಆ ಸಂಜೆಯೇ ಮುರಿದುಬೀಳುತ್ತಿದ್ದವು, ಎರಡೂ ಕಡೆಯವರು ಕಾರಣ ಹೇಳದೆ ಎಲೆಅಡಿಕೆ ಹಿಡಿದು ಎದ್ದುಹೋಗುತ್ತಿದ್ದರು. ಒಳಗೊಳಗೇ ಯಾರನ್ನೋ ಇಷ್ಟಪಟ್ಟ ಹುಡುಗರು ಮನೆಯವರ ಜೊತೆ ಕೂರದೆ ಹೊಟ್ಟೆನೋವು ಅಂತ ತಪ್ಪಿಸಿಕೊಳ್ಳುತ್ತಿದ್ದರು. ಕಂಡ ಕನಸನ್ನು ಬೇರೆಯವರ ಮುಂದೆ ಆಡುವುದು ಮಾತ್ರ ಮಹಾ ಕೆಟ್ಟ ನಡತೆ.

ಮೊದಲ ದಿನ ಊಟಕ್ಕೆ ಕೂತಾಗ ಇದ್ಯಾವುದೂ ನನಗೆ ತಿಳಿದಿರಲಿಲ್ಲ. ತಾರಿಣಿ, ಆಗ ಏಳನೇ ಕ್ಲಾಸು, ಎರಡು ಜಡೆಯ ಸಣಕಲು ಹುಡುಗಿ, ಹಬೆಯಾಡುವ ಎರಡು ಮೊಗ್ಗು ತಂದಳು. ಒಂದನ್ನು ತನ್ನ ಮತ್ತು ಅಪ್ಪನ ನಡುವೆ ಇಟ್ಟಳು. ಇನ್ನೊಂದನ್ನು, ಅದೇ ದೊಡ್ಡದು, ಒಳ್ಳೆ ತಟ್ಟೆಯಲ್ಲಿ ನನ್ನ ಮುಂದೆ ಇಟ್ಟು, “ತಗೊಳ್ಳಿ,” ಅಂದಳು. ನನಗೆ ಹೆಮ್ಮೆಯಾಯಿತು. ಬಂದ ದಿನವೇ ಇಡೀ ಮೊಗ್ಗು ಕೊಟ್ಟಳಲ್ಲ ಅಂತ. ಇವರು ತಲೆ ಎತ್ತಲಿಲ್ಲ.

ಊಟವಾದ ಮೇಲೆ ಅಪ್ಪ ಮಗಳು ನಡುಮನೆಯಲ್ಲಿ ಮಲಗಿದರು. ನನಗೂ ಕಣ್ಣು ಎಳೆಯಿತು, ಸ್ವಲ್ಪ ಹೊತ್ತಿಗೇ ಎಚ್ಚರವಾಯಿತು. ಅವರಿಬ್ಬರೂ ಒಂದೇ ಲಯದಲ್ಲಿ ಉಸಿರಾಡುತ್ತಿದ್ದರು. ಹುಡುಗಿಯ ಮುಖದ ಮೇಲೆ ಬಂದಾಗಿನಿಂದ ನಾನು ಕಾಣದ ನಗು ಇತ್ತು. “ಅಮ್ಮ, ಇರು, ಬಂದೆ,” ಅಂದಳು ನಿದ್ದೆಯಲ್ಲಿ. ಅಪ್ಪನ ತುಟಿಯೂ ಅಲುಗಿತು. ಇಬ್ಬರೂ ಎಲ್ಲಿಗೋ ಹೋಗಿದ್ದರು. ಅಲ್ಲಿ ಯಾರನ್ನೋ ಕಾಣುತ್ತಿದ್ದರು. ನಾನು ಎದ್ದು ಜಗುಲಿಗೆ ಬಂದು ಕೂತೆ.

ಪಕ್ಕದ ಮನೆಯ ಗುಬ್ಬಕ್ಕ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಒಂಟಿ ಹೆಂಗಸು, ಬಾಯಿ ಜೋರು, ಮನಸ್ಸು ಮೆತ್ತಗೆ. “ಏನವ್ವ, ಹೊಸ ಹೆಣ್ಣು ಹೊರಗೆ ಕೂತಿದೀಯ? ನಿಂಗೆ ಇಡೀದು ಕೊಟ್ರಾ?”

“ಹೂಂ ಗುಬ್ಬಕ್ಕ. ದೊಡ್ಡದನ್ನೇ ಕೊಟ್ಟಳು.”

ಅವಳು ಸುಲಿಯುವುದನ್ನು ನಿಲ್ಲಿಸಿದಳು. “ಇಡೀ ಮೊಗ್ಗು ಕೊಡೋದು ನೆಂಟರಿಗೆ ಕಣೆ. ನಮ್ಮನೇಲಿ ಉಣ್ಣು, ನಮ್ಮ ಕನಸಿಗೆ ಬರಬೇಡ ಅಂತ.” ಆಮೇಲೆ ನನ್ನ ಮುಖ ನೋಡಿ ಒಂದು ಹಿಡಿ ಅವರೆಕಾಯಿ ನನ್ನ ಮಡಿಲಿಗೆ ಸುರಿದಳು. “ಬಾ, ಇದನ್ನ ಸುಲಿ. ಕೈ ಖಾಲಿ ಇದ್ರೆ ಮನಸ್ಸು ಕೆಡ್ತದೆ.”

ಹೀಗೆ ಆ ವರ್ಷ ಕಳೆಯಿತು, ಮರುವರ್ಷವೂ. ತಾರಿಣಿ ನನ್ನ ಜೊತೆ ಜಗಳ ಆಡಲಿಲ್ಲ, ಎದುರು ಮಾತಾಡಲಿಲ್ಲ. ಕರೆಯಬೇಕಾದರೆ ಹತ್ತಿರ ಬಂದು ನಿಲ್ಲುತ್ತಿದ್ದಳು. ನಾನು ನೋಡಿದ ಮೇಲೆ ಮಾತು ಶುರು. ಗಿಡವನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಅದು ಅನಸೂಯ ನೆಟ್ಟ ಗಿಡ. ನೀರು ಹಾಕುವುದು, ಹೇನು ಬಿದ್ದರೆ ಬೂದಿ ಎರಚುವುದು, ಮೊಗ್ಗು ಬಿರಿಯುವ ಮೊದಲೇ ದಂಟು ಸಮೇತ ಕತ್ತರಿಸುವುದು ಎಲ್ಲ ಅವಳದೇ. ಇವರು ಒಂದೆರಡು ಸಲ, “ತಾರಿಣಿ, ಈ ಸಲ ಹೊನ್ನಮ್ಮನೂ ನಮ್ಮ ಜೊತೆ...” ಅಂತ ಬಾಯಿ ತೆಗೆದಿದ್ದರು. ಅವಳು ಅಪ್ಪನನ್ನೇ ದಿಟ್ಟಿಸಿ ನೋಡಿದಳು. ಮಾತು ಅಲ್ಲೇ ನಿಂತಿತು. ನಾನೂ ಒತ್ತಾಯ ಮಾಡಲಿಲ್ಲ. ಆದರೆ ಆ ಮಧ್ಯಾಹ್ನಗಳು ಉದ್ದವಾಗಿದ್ದವು. ಇಡೀ ಊರು ಜೋಡಿಜೋಡಿಯಾಗಿ ಎಲ್ಲಿಗೋ ಹೋಗಿಬಿಟ್ಟಿರುತ್ತಿತ್ತು. ಬೀದಿಯಲ್ಲಿ ನಾಯಿಗಳೂ ಅಲುಗುತ್ತಿರಲಿಲ್ಲ. ಕೆಲವು ಸಲ ನಾನೂ ನನ್ನದೇ ಕನಸಿನೊಳಗೆ ಎಚ್ಚರವಾಗಿ ಕೂತಿದ್ದೇನೆ ಅನ್ನಿಸುತ್ತಿತ್ತು.

ಮೂರನೇ ಚಳಿಗಾಲಕ್ಕೆ ಗಿಡ ಸೊರಗಿತು. ಬುಡದಲ್ಲಿ ಕಂದುಗಳು ಕಿಕ್ಕಿರಿದು ಒಂದರ ಕತ್ತು ಒಂದು ಹಿಸುಕುತ್ತಿದ್ದವು. ನಮ್ಮ ತೋಟದಲ್ಲಿ ಬಾಳೆಯ ಕಂದು ತೆಗೆದು ಬೇರೆ ಕಡೆ ನೆಡುತ್ತಿದ್ದೆವಲ್ಲ, ಹಾಗೇ ಇದನ್ನೂ ಬಿಡಿಸಬೇಕಿತ್ತು ಅಂತ ನನಗೆ ಕಾಣುತ್ತಿತ್ತು. ಮೊಗ್ಗು ಬಿಟ್ಟವು ನಿಜ, ಆದರೆ ನಿಂಬೆಹಣ್ಣಿನಷ್ಟು. ಅಪ್ಪ ಮಗಳು ಹಂಚಿಕೊಂಡು ಮಲಗಿದ ಮಧ್ಯಾಹ್ನ ಹುಡುಗಿ ಅಳುತ್ತಾ ಎದ್ದಳು.

“ಅಮ್ಮ ಬೆನ್ನು ಮಾಡ್ಕೊಂಡೇ ಇದ್ಲು. ಕರೆದ್ರೂ ತಿರುಗಲಿಲ್ಲ. ಅಪ್ಪ, ನೀನ್ಯಾಕೆ ಸುಮ್ನೆ ನಿಂತಿದ್ದೆ?”

“ನಾನೂ ಕರೆದೆ ಮಗಾ.”

“ಇಲ್ಲ. ನೀನು ಕರೀಲಿಲ್ಲ.”

ಆಮೇಲೆ ಪ್ರತಿ ಸಲವೂ ಹಾಗೇ. ಅನಸೂಯ ಬರುತ್ತಿದ್ದಳು, ದೂರ, ಮಸುಕು, ಆ ಕಡೆ ಮುಖ. ಗಿಡಕ್ಕೆ ವಯಸ್ಸಾಯಿತು, ಅದಕ್ಕೇ ಹೀಗೆ ಅಂತ ತಾರಿಣಿ ಗಟ್ಟಿ ಮಾಡಿಕೊಂಡಳು. ಶಾಲೆಯಿಂದ ಬಂದವಳೇ ಬುಡದ ಹತ್ತಿರ ಕೂತುಬಿಡುತ್ತಿದ್ದಳು. ಒಂದು ಸಂಜೆ ನಾನು ಹೋಗಿ ಪಕ್ಕದಲ್ಲಿ ನಿಂತು, “ತಾರಿಣಿ, ಈ ಕಂದುಗಳನ್ನ ಬಿಡಿಸಿ ನೆಟ್ರೆ ಗಿಡ ಚೇತರಿಸ್ಕೊಳ್ತದೆ. ಮಳೆಗೆ ಮುಂಚೆ ಮಾಡಬೇಕು,” ಅಂದೆ.

“ಮುಟ್ಟಬೇಡಿ,” ಅಂದಳು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ.

ಇವರಿಗೆ ಹೇಳಿದೆ. ಇವರು ಹತ್ತಿಯ ರಾಶಿಯ ನಡುವೆ ಕೂತು ಎಳೆ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. ಆಮೇಲೆ, “ಗಿಡದ್ದಲ್ಲ ಹೊನ್ನಾ ತಪ್ಪು,” ಅಂದರು. “ನಂಗೆ ಅವಳ ಮುಖ ನೆನಪಿಗೆ ಬರ್ತಿಲ್ಲ. ಮದುವೇಲಿ ತೆಗೆಸಿದ ಫೋಟೋ ಒಂದಿದೆ, ಅದರಲ್ಲಿ ತಲೆ ಬಗ್ಗಿಸ್ಕೊಂಡಿದಾಳೆ. ಮಗೂಗೆ ಹೆಂಗೆ ಹೇಳ್ಲಿ?” ಆ ಮಾತು ಕೇಳಿ ನನಗೆ ಸಮಾಧಾನವಾಗಬೇಕಿತ್ತೋ ಏನೋ. ಆಗಲಿಲ್ಲ. ಒಂದು ಮನೆಯಲ್ಲಿ ಅಷ್ಟು ವರ್ಷ ಒಲೆ ಹಚ್ಚಿದವಳ ಮುಖ ಇಷ್ಟು ಬೇಗ ಅಳಿಸಿಹೋಗುವುದಾದರೆ ನನ್ನ ಗತಿಯೇನು ಅನ್ನಿಸಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಗಿಡದ ಎಲೆಗಳೆಲ್ಲ ಒಣಗಿ ನೆಲಕ್ಕೆ ಅಂಟಿದವು. ಅದು ಅದರ ರೀತಿಯೇ. ಆದರೆ ಒಂದು ಬೆಳಗ್ಗೆ ಬುಡದ ಹತ್ತಿರ ಬಗ್ಗಿದಾಗ ಹುಳಿವಾಸನೆ ಬಂತು. ಬೆರಳಿಟ್ಟರೆ ಒಳಗೆ ಇಳಿಯಿತು. ಕೊಳೆ ಹತ್ತಿತ್ತು. ಮೂಡಣದಲ್ಲಿ ಮೋಡ ಕಟ್ಟಿತ್ತು. ಒಂದು ಮಳೆ ಬಿದ್ದರೆ ಉಳಿದ ಕಂದುಗಳಿಗೂ ಹರಡುವುದು ಖಂಡಿತ. ತಾರಿಣಿ ಶಾಲೆಗೆ ಹೋಗಿದ್ದಳು, ಇವರು ಯಾರದೋ ಮನೆಯ ಹಾಸಿಗೆ ಹೊತ್ತುಕೊಂಡು ಹೋಗಿದ್ದರು. ನಾನು ಹಾರೆ ತಂದೆ. ಒಂದು ಗಳಿಗೆ ಹಿಡಿದುಕೊಂಡು ನಿಂತೆ. ಆಮೇಲೆ ಗಿಡದ ಸುತ್ತ ಮಣ್ಣು ಬಿಡಿಸಿ, ಇಡೀ ಬುಡವನ್ನು ಮೇಲೆತ್ತಿ, ನಡುವೆ ಸೀಳಿದೆ. ಒಳಗೆ ಕಪ್ಪಗೆ ಕೊಳೆತಿತ್ತು. ಸುತ್ತಲಿನ ಕಂದುಗಳು ಮಾತ್ರ ಬೆಳ್ಳಗೆ, ಗಟ್ಟಿಯಾಗಿ, ಪುಟ್ಟ ಬೇರು ಬಿಟ್ಟುಕೊಂಡಿದ್ದವು. ಒಂದೊಂದನ್ನೇ ಬಿಡಿಸಿ ಒದ್ದೆ ಗೋಣಿಯ ಮೇಲೆ ಇಡುತ್ತಿದ್ದೆ. ಮೋಡ ಕಂಡು ಶಾಲೆ ಬೇಗ ಬಿಟ್ಟಿದ್ದರು. ಹಿತ್ತಲಿನ ಬಾಗಿಲಲ್ಲಿ ತಾರಿಣಿ ನಿಂತಿದ್ದಳು.

ಅವಳು ಕೂಗಿದ ಕೂಗಿಗೆ ಗುಬ್ಬಕ್ಕ ಗೋಡೆಯ ಆಚೆಯಿಂದ ಎದ್ದು ನಿಂತಳು. ಹುಡುಗಿ ಓಡಿಬಂದು, ಸೀಳಿದ ಕಪ್ಪು ಬುಡವನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು, ಸಮವಸ್ತ್ರದ ಮೇಲೆಲ್ಲ ಮಣ್ಣು ಸುರಿಸಿಕೊಂಡು ಹತ್ತಿಯ ಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡಳು. ನಾನು ಹಿಂದೆ ಓಡಲಿಲ್ಲ. ಮಳೆಯ ಮೊದಲ ಹನಿ ಬಿದ್ದಿತ್ತು. ಅಳುತ್ತಾ ಅಳುತ್ತಾ ಕಂದುಗಳನ್ನು ಗೋಡೆಯುದ್ದಕ್ಕೂ ನೆಟ್ಟೆ. ಒಂದನ್ನು ಮಾತ್ರ ಗೋಣಿಯಲ್ಲೇ ಉಳಿಸಿದೆ.

ಇವರು ಬಂದಾಗ ನಾನು ಕೋಣೆಯ ಬಾಗಿಲ ಮುಂದೆ ಕೂತಿದ್ದೆ. ಎಲ್ಲ ಕೇಳಿಕೊಂಡು, “ಕೇಳಿ ಮಾಡಬೇಕಿತ್ತು ಹೊನ್ನಾ,” ಅಂದರು.

“ಕೇಳಿದ್ದೆ. ಬೇಡ ಅಂದಳು. ಇವತ್ತು ಕೇಳಿದ್ರೂ ಬೇಡ ಅಂತಿದ್ದಳು, ಗಿಡ ಸತ್ತೇ ಹೋಗ್ತಿತ್ತು. ಅವಳ ಸಿಟ್ಟು ನಾನು ತಡ್ಕೋತೀನಿ.”

ಇವರು ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತರು. ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ದನಿ ಬಂತು. ಬಾಗಿಲಿನ ಮರದ ಆ ಕಡೆಗೇ ಕೂತಿದ್ದಳು ಅಂತ ಕಾಣುತ್ತದೆ, ತೀರ ಹತ್ತಿರದಿಂದ ಕೇಳಿತು.

“ಇದು ಒಳಗೆಲ್ಲ ಕಪ್ಪಾಗಿದೆ.”

“ಹೂಂ ತಾರಿಣಿ.”

“ಆ ಸಣ್ಣವು?”

“ಅವು ಚೆನ್ನಾಗಿವೆ.”

“ಆದ್ರೆ ಅವು ಅಮ್ಮನ ಗಿಡ ಅಲ್ವಲ್ಲ.”

“ಯಾಕಲ್ಲ? ನಮ್ಮಪ್ಪನ ತೋಟದಲ್ಲಿರೋ ಬಾಳೆ ನಮ್ಮಜ್ಜ ನೆಟ್ಟಿದ್ದು. ಕಂದು ತೆಗೆದು ತೆಗೆದು ಊರೆಲ್ಲ ಹಂಚಿದೀವಿ. ಎಲ್ಲ ಅದೇ ಬಾಳೆ. ಬೇರೆ ಜಾಗದಲ್ಲಿ ನಿಂತಿದೆ, ಅಷ್ಟೆ.”

ಚಿಲಕ ತೆಗೆದ ಸದ್ದಾಯಿತು. ತಲೆಗೂದಲಲ್ಲೆಲ್ಲ ಹತ್ತಿ ಮೆತ್ತಿಕೊಂಡು, ಕಣ್ಣು ಊದಿಕೊಂಡು ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ನೇರ ಹಿತ್ತಲಿಗೆ ಹೋಗಿ, ಗೋಣಿಯ ಮೇಲೆ ಉಳಿದಿದ್ದ ಕಂದನ್ನು ತೆಗೆದುಕೊಂಡು, ನನ್ನ ಸಾಲಿನಿಂದ ದೂರ, ಬಾವಿಯ ಕಟ್ಟೆಯ ಪಕ್ಕದಲ್ಲಿ ಕೈಯಿಂದಲೇ ಮಣ್ಣು ತೋಡಿ ನೆಟ್ಟಳು.

ಆ ಮಳೆಗಾಲವೆಲ್ಲ ನಮ್ಮ ಮಾತು ಗಿಡದ್ದೊಂದೇ. ಅದೂ ನೇರವಾಗಿ ಅಲ್ಲ. ಅವಳ ಗಿಡ ಹಳದಿಯಾದಾಗ ನಾನು ಯಾರಿಗೋ ಹೇಳಿದ ಹಾಗೆ, “ನೀರು ಜಾಸ್ತಿ ಆಯ್ತು, ಬೇರಿಗೆ ಉಸಿರಾಡೋಕೆ ಬಿಡಬೇಕು,” ಅನ್ನುತ್ತಿದ್ದೆ. ಮರುದಿನ ಕೊಡ ಬಾವಿಕಟ್ಟೆಯ ಮೇಲೇ ಬೋರಲಾಗಿರುತ್ತಿತ್ತು. ಹಾಸಿಗೆಗೆ ಬಾರದೆ ಉಳಿದ ಕಸರು ಹತ್ತಿಯನ್ನು ಇವರು ತಂದು ಬುಡಗಳಿಗೆ ಹೊದಿಸಿದರು. ಬೆಳಗಿನ ಮಂಜಿನಲ್ಲಿ ನೋಡಿದರೆ ಮೋಡದೊಳಗಿನಿಂದ ಎಲೆ ಚಿಗುರಿದ ಹಾಗೆ ಕಾಣುತ್ತಿತ್ತು. ದೀಪಾವಳಿಗೆ ಗಿಡಗಳು ಮೊಣಕಾಲುದ್ದ, ಸಂಕ್ರಾಂತಿಗೆ ಸೊಂಟದುದ್ದ. ಅವಳದೂ ಉಳಿಯಿತು. ಮಾಘದಲ್ಲಿ ದಂಟು ಎದ್ದಿತು, ದಂಟಿನ ತುದಿಯಲ್ಲಿ ಮೊಗ್ಗು ಕಟ್ಟಿತು. ನಾನು ಆ ಊರಿಗೆ ಬಂದ ಮೇಲೆ ಅಷ್ಟು ದಪ್ಪದ ಮೊಗ್ಗು ಕಂಡಿರಲಿಲ್ಲ. ಗುಬ್ಬಕ್ಕ ಗೋಡೆಯ ಮೇಲಿಂದ ಇಣುಕಿ, “ಅಯ್ಯೋ, ಮಕ್ಕಳ ತಲೆ ಇದ್ದಂಗಿದೆ!” ಅಂದಳು.

ಮೊದಲ ಮೊಗ್ಗನ್ನು ತಾರಿಣಿ ತನ್ನ ಗಿಡದಿಂದಲೇ ಕೊಯ್ದಳು. ಅವಳೂ ಅವಳಪ್ಪನೂ ಹಂಚಿಕೊಂಡು ತಿಂದರು. ನನಗೆ ಇನ್ನೊಂದು. ಅವರು ಮಲಗಿದ ಮೇಲೆ ನಾನು ಎಂದಿನಂತೆ ಜಗುಲಿಗೆ ಹೋಗದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಾದೆ. ಗಿಡ ಚೇತರಿಸಿಕೊಂಡಿದೆ, ಈ ಸಲ ಆಕೆ ತಿರುಗಿ ನೋಡಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ತಾರಿಣಿ ಎದ್ದವಳು ಅಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಗೋಡೆ ನೋಡುತ್ತಾ, “ಅಮ್ಮ ಇವತ್ತೂ ತಿರುಗಲಿಲ್ಲ. ತಪ್ಪು ಗಿಡದ್ದಲ್ಲ,” ಅಂದಳು. “ನಾವೇ ಮರೆತುಬಿಟ್ಟಿದೀವಿ. ಅಲ್ವಾ ಅಪ್ಪ?”

ಇವರು ಮುಖ ಮುಚ್ಚಿಕೊಂಡು ಕೂತರು.

ಇಬ್ಬರನ್ನೂ ಹಾಗೆ ನೋಡಲು ನನ್ನ ಕೈಲಿ ಆಗಲಿಲ್ಲ. ಯೋಚನೆ ಮಾಡಿ ಹೇಳಿದ ಮಾತಲ್ಲ, ಬಾಯಿಗೆ ಬಂತು. “ನಿಮ್ಮಮ್ಮಂದು ಎಡಗೈ ಅಲ್ವಾ ತಾರಿಣಿ?”

ಹುಡುಗಿ ತಟ್ಟನೆ ತಿರುಗಿದಳು. “ಯಾರು ಹೇಳಿದ್ದು ನಿಮಗೆ?”

“ಯಾರೂ ಹೇಳಿಲ್ಲ. ಸಾರಿನ ಸೌಟು ಒಂದೇ ಪಕ್ಕ ಸವೆದಿದೆ. ನಾನು ತಿರುವಿದ್ರೆ ಆ ಪಕ್ಕ ಪಾತ್ರೆಗೆ ತಾಗೋದೇ ಇಲ್ಲ. ಎಡಗೈಲಿ ಹಿಡಿದು ನೋಡಿದೆ, ಸರಿಯಾಗಿ ಕೂತ್ಕೊಳ್ತು.”

“ಹೌದು,” ಅಂದರು ಇವರು, ಕೈ ತೆಗೆದು. “ಎಡಚಿ ಅಂತ ರೇಗಿಸ್ತಿದ್ದೆ.”

“ಎತ್ತರ ನನ್ನ ಭುಜದಷ್ಟು. ಮೊರ ನೇತುಹಾಕೋ ಮೊಳೆ ಅಷ್ಟು ಕೆಳಗಿದೆ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟೋವಾಗ ಎರಡು ಗಂಟು ಹಾಕೋರು, ಇರುವೆ ಅಂದ್ರೆ ಆಗ್ತಿರಲಿಲ್ಲ ಅನ್ಸುತ್ತೆ. ನಿನ್ನ ಸಣ್ಣ ರಜಾಯಿಗೆ ಬಿಳಿ ದಾರ ಮುಗಿದು ಅರ್ಧಕ್ಕೆ ನೀಲಿ ದಾರದಲ್ಲಿ ಹೊಲಿದಿದಾರೆ. ಅಂಗಡಿಗೆ ಹೋಗಿ ತರೋವರೆಗೂ ಕಾಯೋ ತಾಳ್ಮೆ ಇರಲಿಲ್ಲ.”

“ತಾಳ್ಮೆನೇ ಇರಲಿಲ್ಲ!” ಇವರು ನಕ್ಕರು. ನಗುತ್ತಾ ನಗುತ್ತಾ ಅವರ ಕಣ್ಣಿನಿಂದ ನೀರು ಇಳಿಯಿತು. “ಅವತ್ತು ಮಳೆ ಬರ್ತಿತ್ತು. ಮಗೂಗೆ ಚಳಿಯಾಗ್ತದೆ ಅಂತ ಅವಸರ ಅವಸರವಾಗಿ...”

“ಅಟ್ಟದ ಮೇಲೆ ಹೊಟ್ಟಿನ ಡಬ್ಬದ ಹಿಂದೆ ಬೆಲ್ಲದುಂಡೆ ಬಚ್ಚಿಟ್ಟಿದ್ರು. ಕಲ್ಲಾಗಿದೆ. ಬಿಸಾಕೋಕೆ ಮನಸ್ಸು ಬರಲಿಲ್ಲ, ಅಲ್ಲೇ ಇಟ್ಟಿದೀನಿ.”

ತಾರಿಣಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. “ಅದು ನಾನು ಕದೀತೀನಿ ಅಂತ,” ಅಂದಳು ಮೆಲ್ಲಗೆ. ಆಮೇಲೆ ನನ್ನನ್ನೇ ನೋಡಿದಳು, ಮೊದಲ ಬಾರಿಗೆ ನೋಡುವ ಹಾಗೆ. “ನೀವು ಇದನ್ನೆಲ್ಲ ಯಾವಾಗ...?”

“ಮಧ್ಯಾಹ್ನ,” ಅಂದೆ. “ನೀವಿಬ್ಬರೂ ಮಲಗಿರೋವಾಗ. ಮನೆಯಲ್ಲಿ ಇನ್ನೇನು ನೋಡ್ಲಿ?”

ಮರುದಿನ ಬೆಳಗ್ಗೆ ತಾರಿಣಿ ಚಾಕು ತೆಗೆದುಕೊಂಡು ಹಿತ್ತಲಿಗೆ ಹೋದವಳು ಬಾಗಿಲ ಹತ್ತಿರ ಬಂದು ನಿಂತಳು. ನಾನು ತಿರುಗಿ ನೋಡಿದೆ. “ಯಾವುದು ಕೊಯ್ಯೋದು? ನೀವು ಬನ್ನಿ,” ಅಂದಳು. ಗೋಡೆಯ ಸಾಲಿನಲ್ಲಿ ಅತಿ ದೊಡ್ಡದನ್ನೇ ಆರಿಸಿದೆವು. ಅವಳು ದಂಟು ಹಿಡಿದಳು, ನಾನು ಕೊಯ್ದೆ. ಒಲೆಯ ಮುಂದೆ ಕೂತು ತುದಿ ಹಾರಿಸಿ, ಮುಳ್ಳುಗಳನ್ನು ಕತ್ತರಿಯಿಂದ ಒಂದೊಂದೇ ಕತ್ತರಿಸಿ, ಕಪ್ಪಾಗದ ಹಾಗೆ ನಿಂಬೆಹೋಳು ಉಜ್ಜಿ, ಇಡ್ಲಿಪಾತ್ರೆಯಲ್ಲಿ ಹಬೆಗಿಟ್ಟೆವು. ತುಪ್ಪ ಕಾಯಿಸಿ ಅದಕ್ಕೆ ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಮೆಣಸು, ಉಪ್ಪು ಹಾಕಿದ್ದು ತಾರಿಣಿ. ಎಸಳು ಎಳೆದರೆ ಸಲೀಸಾಗಿ ಬಿಟ್ಟುಕೊಂಡಿತು. ಬೆಂದಿತ್ತು.

ಅವಳು ಒಂದೇ ತಟ್ಟೆ ಹಾಕಿದಳು. ಅದನ್ನು ನಡುವೆ ಇಟ್ಟು ಮೂರು ಮಣೆ ಹಾಕಿದಳು.

ನಾವು ಅವಸರ ಮಾಡಲಿಲ್ಲ. ಹೊರಗಿನ ಎಸಳುಗಳಲ್ಲಿ ತಿನ್ನುವುದು ಏನೂ ಇರುವುದಿಲ್ಲ, ಬುಡದಲ್ಲೊಂದಿಷ್ಟು ತಿರುಳು. ತುಪ್ಪದಲ್ಲಿ ಅದ್ದಿ, ಹಲ್ಲಿನ ನಡುವೆ ಎಳೆದು, ಉಳಿದದ್ದನ್ನು ಪಕ್ಕಕ್ಕೆ ಇಡಬೇಕು. ಒಳಗೆ ಹೋದ ಹಾಗೆ ಎಸಳು ತೆಳುವಾಗುತ್ತದೆ, ಬಣ್ಣ ತಿಳಿಯಾಗುತ್ತದೆ, ತಿರುಳು ಹೆಚ್ಚಾಗುತ್ತದೆ. ಒಬ್ಬರ ಕೈ ಇನ್ನೊಬ್ಬರ ಕೈಗೆ ತಾಗುತ್ತದೆ. ಕೊನೆಗೆ ಗಂಟಲಿಗೆ ಸಿಕ್ಕಿಕೊಳ್ಳುವ ನವಿರು. ಅದನ್ನು ಚಮಚದಿಂದ ಕೆರೆದು ತೆಗೆದರೆ ಅಡಿಯಲ್ಲಿ ಬಟ್ಟಲಿನ ಹಾಗೆ ಮೆತ್ತನೆಯ ಹೃದಯ. ತಾರಿಣಿ ಅದನ್ನು ಮೂರು ಮಾಡಿದಳು. ಬದನೆಯ ಹಾಗೂ ಅಲ್ಲ, ಆಲೂಗಡ್ಡೆಯ ಹಾಗೂ ಅಲ್ಲ. ಸ್ವಲ್ಪ ಕಹಿ, ಕಹಿಯ ಹಿಂದೆ ಯಾವುದೋ ಹಸಿರು ರುಚಿ. ಆಮೇಲೆ ಚೊಂಬಿನ ನೀರು ಕುಡಿದರೆ ನೀರೇ ಸಿಹಿ. ಒಬ್ಬಳೇ ತಿಂದಾಗಲೂ ಅದು ಹಾಗೇ ಇತ್ತೋ ಏನೋ, ನಾನು ಯಾವತ್ತೂ ಗಮನಿಸಿರಲಿಲ್ಲ.

ಮೂವರೂ ನಡುಮನೆಯಲ್ಲಿ ಮಲಗಿದೆವು. ಹೊಸ ಹತ್ತಿಯ ಹಾಸಿಗೆ ಮೈಯನ್ನು ಕೆಳಕೆಳಗೆ ಇಳಿಸಿಕೊಂಡಿತು. ಬೆಳಕಿನ ಕೋಲಿನಲ್ಲಿ ತೇಲುತ್ತಿದ್ದ ನವಿರನ್ನು ನೋಡುತ್ತಿದ್ದೆ. ನೋಡುತ್ತಿದ್ದ ಹಾಗೇ ಅದು ದಟ್ಟವಾಯಿತು, ಮೇಲಿನಿಂದ ಸದ್ದಿಲ್ಲದೆ ಇಳಿಯತೊಡಗಿತು.

ನಾನು ನಮ್ಮ ಹಿತ್ತಲಿನ ಬಾಗಿಲಲ್ಲಿ ನಿಂತಿದ್ದೆ. ಹಿತ್ತಲು ಮಾತ್ರ ಕೊನೆಯೇ ಕಾಣದಷ್ಟು ಉದ್ದಕ್ಕೆ ಹೋಗಿತ್ತು. ಮುಳ್ಳುಮೊಗ್ಗಿನ ಗಿಡಗಳು ಮನೆಯ ಸೂರಿನಷ್ಟು ಎತ್ತರ, ಬೆಳ್ಳಿಯ ಎಲೆಗಳು ಗಾಳಿಯಿಲ್ಲದೆಯೂ ತೂಗುತ್ತಿದ್ದವು. ಕೊಯ್ಯದೆ ಬಿಟ್ಟ ಮೊಗ್ಗುಗಳು ಅರಳಿ ನೇರಳೆಬಣ್ಣದ ದೊಡ್ಡ ಹೂವಾಗಿದ್ದವು, ಊರಿನಲ್ಲಿ ಯಾರೂ ಬಿರಿಯಲು ಬಿಡದ ಹೂವು. ದೂರದಲ್ಲಿ ಒಂದು ಕಲ್ಲಿನ ಮೇಲೆ ಗಿಡ್ಡಗಿನ ಹೆಂಗಸೊಬ್ಬಳು ಬೆನ್ನು ಮಾಡಿ ಕೂತಿದ್ದಳು. ಏನೋ ಹೊಲಿಯುತ್ತಿದ್ದಳು. ಎಡಗೈ ಸರಸರನೆ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ಎಷ್ಟು ಅವಸರ! ಆ ಕೈ ಸ್ಪಷ್ಟವಾಗಿತ್ತು, ಬಳೆಯ ಸದ್ದೂ ಕೇಳುತ್ತಿತ್ತು. ಸೌಟು ಹಿಡಿದ ಕೈ, ಜಾಡಿಗೆ ಗಂಟು ಹಾಕಿದ ಕೈ. ನನಗೆ ಚೆನ್ನಾಗಿ ಗೊತ್ತಿದ್ದ ಕೈ.

ತಾರಿಣಿ ಓಡಿದಳು. ಇವರು ಅವಳ ಹಿಂದೆ, ಹೂವಿನ ನಡುವೆ ಎಡವುತ್ತಾ. ಬಳೆಯ ಸದ್ದು ನಿಂತಿತು. ಹೆಂಗಸು ದಾರ ಹಲ್ಲಿನಿಂದ ಕಡಿದು, ತಿರುಗಿದಳು.

ನಾನು ಬಾಗಿಲು ದಾಟಲಿಲ್ಲ. ಅಷ್ಟು ದೂರಕ್ಕೆ ಮುಖ ಕಾಣುತ್ತಿರಲಿಲ್ಲ. ಕಾಣುವಷ್ಟು ಹತ್ತಿರ ಹೋಗಬೇಕು ಅನ್ನಿಸಲೂ ಇಲ್ಲ. ಹುಡುಗಿ ಅವಳ ಮಡಿಲಲ್ಲಿ ಮುಖ ಹುದುಗಿಸಿದ್ದು ಕಂಡಿತು. ಇವರು ಪಕ್ಕದಲ್ಲಿ ನೆಲದ ಮೇಲೆ ಕೂತದ್ದು ಕಂಡಿತು. ಆಕೆ ಏನೋ ಕೇಳಿದಳು, ಹುಡುಗಿ ತಲೆ ಎತ್ತಿ ಏನೋ ಹೇಳಿದಳು. ಮೂವರೂ ನನ್ನ ಕಡೆ ನೋಡಿದರು. ಹತ್ತಿ ಇಳಿಯುತ್ತಲೇ ಇತ್ತು, ಅವರ ಮೇಲೂ, ನನ್ನ ಮೇಲೂ. ಇಷ್ಟು ವರ್ಷ ಹೊರಗೆ ಕೂತು ನೋಡಿದ್ದು ಇದನ್ನೇ, ಆದರೆ ಈಗ ನನಗೆ ನೋವಾಗುತ್ತಿರಲಿಲ್ಲ. ಬಾಗಿಲಲ್ಲಿ ನಿಲ್ಲುವುದೂ ಒಂದು ಜಾಗವೇ ಅನ್ನಿಸಿತು.

ಎಚ್ಚರವಾದಾಗ ಬಿಸಿಲು ಗೋಡೆ ಹತ್ತಿತ್ತು. ಇವರು ಇನ್ನೂ ಮಲಗಿದ್ದರು, ಮುಖ ಮಗುವಿನ ಮುಖದ ಹಾಗೆ ಸಡಿಲವಾಗಿತ್ತು. ತಾರಿಣಿ ಎದ್ದು ಕೂತು ಮೊಣಕಾಲು ಅಪ್ಪಿಕೊಂಡಿದ್ದಳು. ಬೀದಿಯಲ್ಲಿ ಒಂದೊಂದೇ ಅಂಗಡಿಯ ಬಾಗಿಲು ತೆಗೆಯುವ ಸದ್ದು ಶುರುವಾಗಿತ್ತು.

“ನೀವ್ಯಾಕೆ ಒಳಗೆ ಬರಲಿಲ್ಲ?” ಅಂದಳು.

“ನೀನು ಅಮ್ಮನ ಹತ್ತಿರ ಮಾತಾಡ್ತಿದ್ದೆ. ಮಧ್ಯೆ ಯಾಕೆ ಅಂತ.”

ಅವಳು ಹಾಸಿಗೆಯ ಅಂಚಿನ ಒಂದು ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. “ಅಮ್ಮ ಕೇಳಿದ್ಲು. ಬಾಗಿಲಲ್ಲಿ ನಿಂತಿರೋದು ಯಾರು ಅಂತ.”

ನಾನು ಎದ್ದು ಕೂತೆ. “ನೀನೇನಂದೆ?”

“ನಮ್ಮ ಮನೆಯವರು ಅಂದೆ.”

ಹಾಗಂದು ಎದ್ದು, ಕೆದರಿದ ಜಡೆಯನ್ನು ಹಿಂದಕ್ಕೆ ಎಸೆದುಕೊಂಡು ಹಿತ್ತಲಿಗೆ ಹೋದಳು. ಬಾವಿಯ ರಾಟೆ ಕಿರುಗುಟ್ಟಿತು. ಗಿಡಗಳಿಗೆ ನೀರು ಹಾಕುವ ಹೊತ್ತಾಗಿತ್ತು. ನಾನೂ ಎದ್ದು ಇನ್ನೊಂದು ಕೊಡ ತೆಗೆದುಕೊಂಡೆ.